ಕಾಗದಕ್ಕೂ ಒಂದು ಪತ್ತನಾಜೆ

ಉಡುಪಿಯ ಹಿರಿಯಡ್ಕ ಹತ್ತಿರದ ಒಂದು ಶಾಲೆಯ ಜಗಲಿಯಲ್ಲಿ, ಏಪ್ರಿಲ್ ತಿಂಗಳ ಒಂದು ಭಾನುವಾರ ಆಡಿದ ಮಾತುಗಳಿವು. ಕೇಳಲು ಬಂದವರಲ್ಲಿ ಹೆಚ್ಚಿನವರು ಬೇರೆಯವರ ಗದ್ದೆ, ತೋಟಗಳಲ್ಲಿ ದುಡಿಯುವವರು. ಜೊತೆಗೆ ಅವರ ಮಕ್ಕಳು. ಅವತ್ತು ಬರಲಾಗದವರು ಓದಿಕೊಳ್ಳಲಿ ಅಂತ ಬರೆದಿದ್ದೇನೆ. ಮಾತಾಡುವಾಗ ನಡುನಡುವೆ ತುಳುವಿಗೆ ಹೊರಳಿದ್ದೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಇಟ್ಟಿದ್ದೇನೆ.

ಅಕ್ಕಂದಿರೇ, ಅಣ್ಣಂದಿರೇ, ಮಕ್ಕಳೇ,

ವಾರಕ್ಕೆ ಸಿಗುವ ಒಂದು ರಜೆ ಬಿಟ್ಟು ಬಂದಿದ್ದೀರಿ. ಬಟ್ಟೆ ಒಗೆಯುವುದು, ಸೌದೆ ತರುವುದು ಎಲ್ಲ ಹಾಗೇ ಉಳಿದಿರುತ್ತದೆ. ಅದಕ್ಕೆ ಸ್ವಾಗತ, ಹಾರ ಏನೂ ಬೇಡ ಅಂತ ಮೊದಲೇ ಹೇಳಿದ್ದೆ. ನೇರ ವಿಷಯಕ್ಕೆ ಬರುತ್ತೇನೆ.

ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಪಾಠದ ಜೊತೆಗೆ 14 ವರ್ಷದಿಂದ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ನೋಡುವ ಕೆಲಸವೂ ನನ್ನದೇ. ಈ ಕೆಲಸ ನನಗೆ ಯಾರೂ ಹೊರಿಸಿದ್ದಲ್ಲ, ನಾನೇ ಕೇಳಿ ತಗೊಂಡದ್ದು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಪತ್ತನಾಜೆ ನಿಮಗೆಲ್ಲ ಗೊತ್ತು. ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಹೊತ್ತಿಗೆ ಬರುತ್ತದೆ. ಅವತ್ತಿಗೆ ದೈವಗಳ ಕೋಲ, ನೇಮ ಮುಗಿಯಿತು. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದರು. ಆಮೇಲೆ ಎಲ್ಲರ ಕಣ್ಣು ಮೋಡದ ಮೇಲೆ, ಕೈ ಮಣ್ಣಿನ ಮೇಲೆ. ನಾನು ಇವತ್ತು ಕೇಳುವುದು ಇಷ್ಟೇ: ಮಕ್ಕಳ ವಿದ್ಯಾರ್ಥಿವೇತನದ ಕಾಗದಕ್ಕೂ ಅದೇ ಗಡುವು ಇಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ನೇಜಿ, ಅಂದರೆ ಭತ್ತದ ಸಸಿ ನೆಡುವುದು ಬಿಟ್ಟು ನಾಡಕಚೇರಿಗೆ ಹೋಗಲು ಯಾರಿಂದ ಆಗುತ್ತದೆ? ಹೋದರೆ ಆ ದಿನದ ಕೂಲಿ ಹೋಯಿತು. ಹೋದ ದಿನ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಮತ್ತೆ ನಾಳೆ ಬನ್ನಿ ಅಂದರೆ ಎರಡನೇ ದಿನದ ಕೂಲಿಯೂ ಹೋಯಿತು. ಮೂರನೇ ದಿನ ನೀವು ಹೋಗುವುದಿಲ್ಲ. ಅದು ನಿಮ್ಮ ತಪ್ಪಲ್ಲ. ಮನೆಯಲ್ಲಿ ಅಕ್ಕಿ ಬೇಯಬೇಕಲ್ವಾ?

ಯಾವ ಹಣದ ಬಗ್ಗೆ ಮಾತಾಡುತ್ತಿದ್ದೇನೆ ಅಂತ ಮೊದಲು ಹೇಳಿಬಿಡುತ್ತೇನೆ. 2021ರಲ್ಲಿ ಕರ್ನಾಟಕ ಸರ್ಕಾರ ಮುಖ್ಯಮಂತ್ರಿ ರೈತ ವಿದ್ಯಾನಿಧಿ ಅಂತ ಒಂದು ಯೋಜನೆ ತಂದಿತು. ಆಗ ಅದು ಭೂಮಿ ಇದ್ದ ರೈತರ ಮಕ್ಕಳಿಗೆ ಮಾತ್ರ. 2022ರಲ್ಲಿ ಭೂಮಿ ಇಲ್ಲದ ಕೃಷಿ ಕಾರ್ಮಿಕರ ಮಕ್ಕಳನ್ನೂ ಸೇರಿಸಿದರು. ಯೋಜನೆಯಲ್ಲಿ ಇಟ್ಟ ಮೊತ್ತ ಹೀಗಿತ್ತು. ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಹುಡುಗನಿಗೆ ವರ್ಷಕ್ಕೆ 2,500 ರೂಪಾಯಿ, ಹುಡುಗಿಗೆ 3,000. ಬಿಎ, ಬಿಕಾಂ, ಬಿಎಸ್ಸಿಯಂಥ ಪದವಿಗೆ 5,000 ಮತ್ತು 5,500. ನರ್ಸಿಂಗ್, ಫಾರ್ಮಸಿ, ಕಾನೂನಿಗೆ 7,500 ಮತ್ತು 8,000. ಎಂಜಿನಿಯರಿಂಗ್, ಎಂಬಿಬಿಎಸ್, ಸ್ನಾತಕೋತ್ತರ ಪದವಿಗೆ 10,000 ಮತ್ತು 11,000. ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ 2,000.

ಇದೇನು ದೊಡ್ಡ ಹಣವಾ ಅಂತ ಕೆಲವರು ಕೇಳುತ್ತಾರೆ. ಕೇಳುವವರು ಸಾಮಾನ್ಯವಾಗಿ ಕೂಲಿ ಮಾಡದವರು. ಒಬ್ಬ ಹುಡುಗಿ ಎರಡು ವರ್ಷ ಪಿಯುಸಿ, ಮೂರು ವರ್ಷ ಬಿಕಾಂ ಓದಿದಳು ಅಂತ ಇಟ್ಟುಕೊಳ್ಳಿ. ಪಿಯುಸಿಗೆ 6,000, ಬಿಕಾಂಗೆ 16,500. ಒಟ್ಟು 22,500 ರೂಪಾಯಿ. ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಇದರ ಬೆಲೆ ಸ್ವಲ್ಪ ಜಾಸ್ತಿಯೇ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಆದರೆ ನಮ್ಮ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಬೇರೆ ಜಿಲ್ಲೆಯ ಹುಡುಗಿ ಪುಕ್ಕಟೆ ಹೋಗುವ ದೂರಕ್ಕೆ ನಮ್ಮ ಹುಡುಗಿ ದಿನಾ ದುಡ್ಡು ಎಣಿಸಬೇಕು. ಒಂದು ವರ್ಷದ ಬಸ್ಸಿನ ಖರ್ಚಿಗೆ ಈ ಹಣ ದೊಡ್ಡ ಆಧಾರ. ಬಸ್ಸಿಗೆ ದುಡ್ಡಿಲ್ಲದೆ ಕಾಲೇಜು ಬಿಟ್ಟವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಫೀಸಿಗಿಂತ ಬಸ್ಸಿಗೆ ಬಿಟ್ಟವರೇ ಜಾಸ್ತಿ.

ಹಾಗಾದರೆ ನಮ್ಮ ಮಕ್ಕಳಿಗೆ ಇದು ಯಾಕೆ ಸಿಗುವುದಿಲ್ಲ?

ಭೂಮಿ ಇದ್ದವರ ಮಕ್ಕಳಿಗೆ ದಾರಿ ಸಲೀಸು. ಅಪ್ಪನಿಗೋ ಅಮ್ಮನಿಗೋ ಕೃಷಿ ಇಲಾಖೆಯ ಫ್ರೂಟ್ಸ್ ನಂಬರ್ ಇರುತ್ತದೆ. ಎಫ್‌ಐಡಿ ಅಂತಾರೆ. ಪಹಣಿ, ಆಧಾರ್, ಬ್ಯಾಂಕ್ ಎಲ್ಲ ಅದರಲ್ಲಿ ಸೇರಿರುತ್ತದೆ. ಮಗು ಕಾಲೇಜಿಗೆ ಸೇರಿದರೆ ಕಂಪ್ಯೂಟರ್ ತಾನೇ ಹುಡುಕಿಕೊಳ್ಳುತ್ತದೆ. ನಮಗೆ ಪಹಣಿ ಇಲ್ಲ. ಹಾಗಾಗಿ ನಾವು ಗದ್ದೆಯಲ್ಲಿ ದುಡಿಯುವವರು ಅಂತ ಬೇರೆ ಕಾಗದ ತರಬೇಕು. ಅದರ ಹೆಸರು ಕೃಷಿ ಕಾರ್ಮಿಕ ದೃಢೀಕರಣ ಪತ್ರ. ನಾಡಕಚೇರಿಯಲ್ಲಿ ಕೊಡುತ್ತಾರೆ. ಜಾತಿ, ಆದಾಯ ಸರ್ಟಿಫಿಕೇಟ್ ಎಲ್ಲರಿಗೂ ಗೊತ್ತು. ಈ ಮೂರನೆಯದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಹಣ ನಿಲ್ಲುವುದೂ ಇಲ್ಲೇ.

ಇದನ್ನು ನೋಡಿದಾಗಲೆಲ್ಲ ನನಗೆ ಅಜ್ಜಿಯ ನೆನಪಾಗುತ್ತದೆ. 1974ರ ಮಾರ್ಚ್ 1ಕ್ಕೆ ನಮ್ಮ ರಾಜ್ಯದಲ್ಲಿ ಗೇಣಿ ಹೋಯಿತು. ಉಳುವವನೇ ಹೊಲದೊಡೆಯ ಅಂದರು. ಗೇಣಿ ಒಕ್ಕಲಿನವರು ಏಳನೇ ನಂಬರಿನ ಫಾರಂ ತುಂಬಬೇಕಿತ್ತು. ನಮ್ಮ ಕಡೆ ಅದನ್ನು ಇವತ್ತಿಗೂ ಡಿಕ್ಲರೇಷನ್ ಅಂತಲೇ ಹೇಳುವುದು. ಕೊನೆಯ ದಿನ ಮುಂದೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಉಡುಪಿ ಆಗ ದಕ್ಷಿಣ ಕನ್ನಡದಲ್ಲೇ ಇತ್ತು. ಈ ಕರಾವಳಿಯಲ್ಲಿ ಎಷ್ಟೋ ಮನೆಗಳ ದೆಸೆ ತಿರುಗಿದ್ದು ಆ ಒಂದು ಫಾರಂನಿಂದ. ಗೇಣಿ ಚೀಟಿ ಇದ್ದವರು ಅದನ್ನು ಹಿಡಿದು ಹೋದರು, ಭೂಮಿ ಪಡೆದರು. ಒಳ್ಳೆಯದೇ ಆಯಿತು. ನನ್ನ ಅಜ್ಜಿಗೆ ಚೀಟಿ ಇರಲಿಲ್ಲ. ಅವರು ಒಕ್ಕಲಿನವರಲ್ಲ, ಕೆಲಸದವರು. ಅದೇ ಗದ್ದೆಯಲ್ಲಿ ಅವರೂ ಬೆನ್ನು ಬಗ್ಗಿಸಿದ್ದರು. ಆದರೆ ಹಾಗಂತ ಹೇಳುವ ಒಂದು ಚೂರು ಕಾಗದ ಎಲ್ಲೂ ಇರಲಿಲ್ಲ. ಕೊನೆಗೆ ಉಳಿದದ್ದು ಮನೆ ಅಡಿಯ ಐದು ಸೆಂಟ್ಸ್.

ಇವತ್ತು ನಿಮ್ಮ ಕೆಲಸವನ್ನು ಬರೆದು ಸಹಿ ಹಾಕಿ ಕೊಡುವ ಒಂದು ಕಾಗದ ಇದೆ. ಅದನ್ನು ತಗೊಳ್ಳದೆ ಬಿಡಬೇಡಿ. ವಿದ್ಯಾರ್ಥಿವೇತನ ಒಂದು ಕಡೆ ಇರಲಿ, ಸುಮ್ನೆ ತಗೊಂಡು ಇಟ್ಟುಕೊಳ್ಳಿ ಅಂತಲೇ ನಾನು ಹೇಳುವುದು.

ಅದನ್ನು ತಗೊಳ್ಳುವುದು ಹೇಗೆ? ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಹತ್ತಿರದಲ್ಲಿ ಗ್ರಾಮ ಒನ್ ಇದ್ದರೆ ಅಲ್ಲೂ ಆಗುತ್ತದೆ. ಆಧಾರ್, ರೇಷನ್ ಕಾರ್ಡ್ ಬೇಕು. ಅರ್ಜಿ ಗ್ರಾಮ ಆಡಳಿತ ಅಧಿಕಾರಿಗೆ ಹೋಗುತ್ತದೆ. ನಾವು ವಿಎ ಅಂತೀವಲ್ಲ, ಅವರೇ. ಅವರು ವಿಚಾರಿಸಿ ಬರೆದದ್ದು ಆರ್‌ಐ, ಅಂದರೆ ಕಂದಾಯ ನಿರೀಕ್ಷಕರ ಹತ್ತಿರ ಹೋಗುತ್ತದೆ. ಆಮೇಲೆ ಸರ್ಟಿಫಿಕೇಟ್ ಬರುತ್ತದೆ. ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ಒಂದು ನಂಬರ್ ಇರುತ್ತದೆ. ಮುಂದೆ ಮಗುವಿನ ಅರ್ಜಿಯಲ್ಲಿ ಕೇಳುವುದು ಆ ನಂಬರನ್ನೇ. ಅರ್ಜಿ ಕೊಟ್ಟಾಗ ಸ್ವೀಕೃತಿ ಚೀಟಿ ಕೇಳಿ ತಗೊಳ್ಳಿ. 2011ರ ಸಕಾಲ ಕಾನೂನಿನಿಂದಾಗಿ ಇಂಥ ಸೇವೆಗೆ ಇಷ್ಟು ದಿನ ಅಂತ ಗಡುವು ಇದೆ. ಆ ದಿನ ದಾಟಿದರೆ ಚೀಟಿ ತೋರಿಸಿ ಕೇಳುವ ಹಕ್ಕು ನಿಮಗಿದೆ. ಕೈ ಕಟ್ಟಿ ನಿಲ್ಲಬೇಕಾಗಿಲ್ಲ.

ವಿಎ ಬಂದು ಏನು ಕೆಲಸ ಅಂತ ಕೇಳಿದಾಗ ನೀವು ಏನು ಹೇಳುತ್ತೀರಿ ಅನ್ನುವುದೇ ದೊಡ್ಡ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೂರು ವರ್ಷದ ಹಿಂದೆ ನನ್ನ ಕ್ಲಾಸಿನ ಒಬ್ಬ ಹುಡುಗಿಯ ಜೊತೆ ಅವಳ ಅಮ್ಮ ಬಂದಿದ್ದರು. ಅರ್ಜಿಯಲ್ಲಿ ತಾಯಿಯ ಉದ್ಯೋಗ ಅಂತ ಒಂದು ಗೆರೆ ಇತ್ತು. ಹುಡುಗಿ ಅಲ್ಲಿ ಗೃಹಿಣಿ ಅಂತ ಬರೆದಿದ್ದಳು. ನಾನು ಆ ಅಮ್ಮನ ಕೈ ನೋಡಿದೆ. ಹೆಬ್ಬೆರಳು, ತೋರುಬೆರಳ ತುದಿ ಕಪ್ಪು. ಚರ್ಮ ಸಿಪ್ಪೆಯ ಹಾಗೆ ಬಿರಿದಿತ್ತು. ಅಡಿಕೆ ಸುಲಿಯುವವರ ಕೈ ಅದು, ಎಷ್ಟು ತೊಳೆದರೂ ಆ ಚೊಗರು ಹೋಗುವುದಿಲ್ಲ. ಅಕ್ಕ, ಕೆಲಸಕ್ಕೆ ಹೋಗುವುದಿಲ್ವಾ ಅಂತ ಕೇಳಿದೆ. "ಇಲ್ಲ ಟೀಚರ್, ಮನೆಯಲ್ಲೇ" ಅಂದರು. ಮಗಳು ತಲೆ ತಗ್ಗಿಸಿದಳು. ಸ್ವಲ್ಪ ಹೊತ್ತು ಕಳೆದ ಮೇಲೆ ನನ್ನ ಅಮ್ಮನ ಕೈಯೂ ಹೀಗೇ ಇತ್ತು ಅಂತ ಹೇಳಿದೆ. ಆಗ ಬಾಯಿ ಬಿಟ್ಟರು. ಮಳೆಗಾಲದಲ್ಲಿ ನೇಜಿ. ಆಮೇಲೆ ಕಳೆ ಕೀಳುವುದು, ಕೊಯ್ಲು. ಚಳಿಗಾಲದಿಂದ ಬೇಸಗೆಯವರೆಗೆ ಅಡಿಕೆ ಅಂಗಳ. ನಡುವೆ ತೋಟಕ್ಕೆ ಸೊಪ್ಪು ಹೊರುವುದು. ವರ್ಷದಲ್ಲಿ ಮನೆಯಲ್ಲಿ ಕೂತ ದಿನ ಎಣಿಸಿದರೆ ಎರಡು ಕೈಯ ಬೆರಳು ಸಾಕಿತ್ತು.

ಇಷ್ಟೆಲ್ಲ ದುಡಿಯುವ ಹೆಂಗಸು ಕಾಗದದಲ್ಲಿ ಮನೆಯಲ್ಲೇ ಇರುವವರು. ಕೂಲಿ ಅನ್ನಲು ಅವರಿಗೆ ನಾಚಿಕೆ. ಮಗಳಿಗೆ ಕಾಲೇಜಿನಲ್ಲಿ ಕಡಿಮೆ ಆಗುತ್ತದೆ ಅಂತ ಹೆದರಿಕೆ. ಅವರನ್ನು ಹಾಗೆ ನಾಚುವಂತೆ ಮಾಡಿದವರು ನಾವು, ಓದಿದವರು. ಗದ್ದೆ ಕೆಲಸದವರು ಅಂದರೆ ಸಾಕು, ಕುರ್ಚಿ ಹಾಕುವುದಿಲ್ಲ. ಅದನ್ನು ಬದಲಾಯಿಸುವ ಜವಾಬ್ದಾರಿಯೂ ನಮ್ಮದೇ. ಆದರೆ ಅದು ಬದಲಾಗುವವರೆಗೆ ಕಾಯಬೇಡಿ ಅಂತ ನಿಮ್ಮನ್ನು ಕೇಳಿಕೊಳ್ಳುತ್ತೇನೆ. ನಾನು ಕೃಷಿ ಕಾರ್ಮಿಕೆ ಅಂತ ಹೇಳಿ. ಯಾರ ಗದ್ದೆ, ಯಾರ ತೋಟ, ಎಷ್ಟು ವರ್ಷದಿಂದ ಅಂತಲೂ ಹೇಳಿ. ಗಂಡ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದು, ಗದ್ದೆಗೆ ಹೋಗುವುದು ನೀವಾದರೆ, ಅರ್ಜಿ ನಿಮ್ಮ ಹೆಸರಲ್ಲೇ ಕೊಡಿ. ನಮ್ಮದು ಮೊದಲಿಂದಲೂ ತಾಯಿ ಮನೆಯ ಲೆಕ್ಕ ನಡೆದ ಊರು. ಅಮ್ಮನ ಹೆಸರಲ್ಲಿ ಕಾಗದ ಮಾಡಲು ನಮಗೇನು ಕಷ್ಟ?

ತೋಟದ ಯಜಮಾನರು ಯಾರಾದರೂ ಇಲ್ಲಿ ಕೂತಿದ್ದರೆ ನಿಮಗೂ ಒಂದು ಮಾತು. ವಿಎ ವಿಚಾರಣೆಗೆ ಬಂದಾಗ ಹೌದು, ಇವರು ನಮ್ಮಲ್ಲಿ ಕೆಲಸ ಮಾಡುತ್ತಾರೆ ಅಂತ ಹೇಳಿ. ಹಾಗೆ ಹೇಳಿದರೆ ಜಾಗ ಹೋಗುತ್ತದೆ ಅನ್ನುವ ಹಳೇ ಹೆದರಿಕೆ ಕೆಲವರಲ್ಲಿ ಇನ್ನೂ ಇದೆ. ಡಿಕ್ಲರೇಷನ್ ಕಾಲದ ಹೆದರಿಕೆ ಅದು. ಇದು ಗೇಣಿ ಹಕ್ಕಿನ ಕಾಗದ ಅಲ್ಲ. ಒಂದು ಮಗು ಓದಲು ಬೇಕಾದ ಕಾಗದ.

ಇನ್ನು ಹೆಸರಿನ ವಿಷಯ. ನಮ್ಮ ಕಡೆ ಇದು ದೊಡ್ಡ ಗೋಳು. ಆಧಾರ್‌ನಲ್ಲಿ ಪೂಜಾರಿ, ರೇಷನ್ ಕಾರ್ಡಿನಲ್ಲಿ ಪೂಜಾರ್ತಿ. ಒಂದು ಕಡೆ ಶೆಟ್ಟಿ, ಇನ್ನೊಂದು ಕಡೆ ಶೆಡ್ತಿ. ನಮಗೆ ಎರಡೂ ಒಂದೇ. ಹೆಂಗಸಿಗೆ ಹಾಗೆ ಹೇಳುವುದೇ ನಮ್ಮ ಕ್ರಮ. ಕಂಪ್ಯೂಟರಿಗೆ ಅದು ಗೊತ್ತಿಲ್ಲ. ಅದಕ್ಕೆ ಅವರು ಇಬ್ಬರು ಬೇರೆ ಬೇರೆ ಹೆಂಗಸರು. ಮಗುವಿಗೆ ಮನೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಒಂದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೇ ಮಗುವಿನ ಆಧಾರ್ ಇರಲಿ. ಸ್ಪೆಲ್ಲಿಂಗ್ ಅಕ್ಷರ ಅಕ್ಷರ ನೋಡಿ. ತಿದ್ದುವುದಿದ್ದರೆ ಆಧಾರನ್ನು ತಿದ್ದಿ, ಅಂಕಪಟ್ಟಿ ತಿದ್ದಲು ಹೋದರೆ ವರ್ಷ ಹಿಡಿಯುತ್ತದೆ. ಅಮ್ಮನ ಹೆಸರು ಎಲ್ಲ ಕಡೆ ಒಂದೇ ಥರ ಇರುವಂತೆ ಈ ರಜೆಯಲ್ಲೇ ಸರಿ ಮಾಡಿಕೊಳ್ಳಿ.

ಹೆಬ್ಬೆಟ್ಟಿನ ಕಷ್ಟ ಇನ್ನೊಂದು. ಆಗ ಹೇಳಿದ ಅಮ್ಮನ ಕೈ ನೆನಪಿಟ್ಟುಕೊಳ್ಳಿ. ಆಧಾರ್ ಕೇಂದ್ರದಲ್ಲಿ ಹತ್ತು ಬೆರಳು ಇಟ್ಟರೂ ಮೆಷಿನ್ ಹಿಡಿಯಲಿಲ್ಲ. ಗೆರೆಗಳೇ ಸವೆದು ಹೋಗಿದ್ದವು. ಅಲ್ಲಿದ್ದವರು ತೆಂಗಿನೆಣ್ಣೆ ಹಚ್ಚಿಕೊಂಡು ನಾಳೆ ಬನ್ನಿ ಅಂದರು. ಅವರು ಮೂರು ಸಲ ಹೋದರು. ಕೊನೆಗೆ ಕಣ್ಣಿನ ಗುರುತು ತಗೊಂಡು ಕೆಲಸ ಆಯಿತು. ಅದನ್ನು ಮೊದಲ ದಿನವೇ ಮಾಡಬಹುದಿತ್ತು. ಹಾಗಾಗಿ ಬೆರಳು ಹಿಡಿಯದಿದ್ದರೆ ಕಣ್ಣಿನ ಗುರುತು ತಗೊಳ್ಳಿ ಅಂತ ನೀವೇ ಬಾಯಿ ಬಿಟ್ಟು ಕೇಳಿ. ಆಧಾರ್‌ಗೆ ನಿಮ್ಮ ಈಗಿನ ಮೊಬೈಲ್ ನಂಬರ್ ಸೇರಿದ್ದರೆ ಎಷ್ಟೋ ಕಡೆ ಬೆರಳೇ ಬೇಡ, ಓಟಿಪಿ ಸಾಕು.

ಮಕ್ಕಳೇ, ಇನ್ನು ನಿಮ್ಮ ಕೆಲಸ. ಅರ್ಜಿ ಹಾಕುವುದು ಎಸ್‌ಎಸ್‌ಪಿ ಅನ್ನುವ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಶಾಲೆಯ ಮಕ್ಕಳಿಗೆ ಎಸ್‌ಎಟಿಎಸ್ ನಂಬರ್ ಬೇಕು, ಅದು ಶಾಲಾ ದಾಖಲೆಯಲ್ಲಿ ಮಗುವಿನ ಗುರುತಿನ ನಂಬರ್, ಟೀಚರ್ ಕೊಡುತ್ತಾರೆ. ಕಾಲೇಜಿನವರಿಗೆ ಎಸ್ಸೆಸ್ಸೆಲ್ಸಿ ನಂಬರ್, ಕಾಲೇಜಿನ ನೋಂದಣಿ ನಂಬರ್, ಅಪ್ಪ ಅಮ್ಮನ ಆಧಾರ್, ಆರ್‌ಡಿ ನಂಬರ್‌ಗಳು. ಅಂಕಪಟ್ಟಿ, ಫೀಸ್ ರಶೀದಿಯಂಥ ಕಾಗದಗಳಿಗೆ ಕಾಲೇಜಿನಲ್ಲೇ ಇ-ದೃಢೀಕರಣ, ಅಂದರೆ ಕಂಪ್ಯೂಟರಿನಲ್ಲೇ ಅಸಲು ಅಂತ ದೃಢಪಡಿಸುವುದು, ಮಾಡಿಸಿಕೊಳ್ಳಬೇಕು. ಆ ಕೆಲಸಕ್ಕೆ ಕಾಲೇಜಿನಲ್ಲಿ ಒಬ್ಬರು ಇರುತ್ತಾರೆ, ಯಾರು ಅಂತ ಮೊದಲ ವಾರವೇ ಕೇಳಿ ಇಟ್ಟುಕೊಳ್ಳಿ. ಕೊನೆಯ ದಿನ ವರ್ಷ ವರ್ಷ ಬದಲಾಗುತ್ತದೆ. ನೋಟಿಸ್ ಬೋರ್ಡ್ ನೋಡುತ್ತಾ ಇರಿ.

ಸೈಬರ್ ಅಂಗಡಿಯಲ್ಲಿ ಅರ್ಜಿ ಹಾಕಿಸುವಾಗ ಯಾರ ಫೋನ್ ನಂಬರ್ ಹಾಕಿದರು ನೋಡಿ. ಬೇಗ ಮುಗಿಯಲಿ ಅಂತ ಅಂಗಡಿಯವರು ತಮ್ಮದೇ ನಂಬರ್ ಹಾಕಿಬಿಡುತ್ತಾರೆ. ಮುಂದಿನ ವರ್ಷ ಓಟಿಪಿ ಅಲ್ಲಿಗೆ ಹೋಗುತ್ತದೆ. ಅಷ್ಟರಲ್ಲಿ ಆ ಅಂಗಡಿಯೇ ಮುಚ್ಚಿರುತ್ತದೆ. ನಿಮ್ಮ ಪಾಸ್‌ವರ್ಡ್ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ, ಅಂಗಡಿಯವರ ನೆನಪಿನಲ್ಲಿ ಬಿಡಬೇಡಿ. ಫೋನ್ ಮಾಡಿ ಹಣ ಬಂದಿದೆ, ಓಟಿಪಿ ಹೇಳಿ ಅಂದರೆ ಹೇಳಬೇಡಿ. ಇಷ್ಟು ಸಾಕು ಈ ವಿಷಯ.

ಬ್ಯಾಂಕಿನದ್ದು ಮಾತ್ರ ಬಿಡಿಸಿ ಹೇಳಬೇಕು. ಅರ್ಜಿ ಮಂಜೂರಾದರೂ ಹಣ ಬರಲಿಲ್ಲ ಅಂತ ಅಳುವವರಲ್ಲಿ ಮುಕ್ಕಾಲು ಪಾಲು ನನಗೆ ಸಿಕ್ಕಿದ್ದು ಇಲ್ಲಿಯ ತೊಡಕಿನವರೇ. ಹಣ ಬರುವುದು ನೀವು ತೋರಿಸಿದ ಪಾಸ್‌ಬುಕ್ಕಿಗೆ ಅಲ್ಲ. ಆಧಾರ್ ನಂಬರ್ ಯಾವ ಬ್ಯಾಂಕಿಗೆ ಸೀಡ್ ಆಗಿದೆಯೋ, ಅಂದರೆ ಜೋಡಣೆ ಆಗಿದೆಯೋ ಅಲ್ಲಿಗೆ. ಎರಡು ಖಾತೆ ಇದ್ದರೆ ಕೊನೆಗೆ ಸೀಡ್ ಮಾಡಿಸಿದ ಬ್ಯಾಂಕಿಗೆ. ಬ್ಯಾಂಕಿನಲ್ಲಿ ಆಧಾರ್ ಜೆರಾಕ್ಸ್ ಕೊಟ್ಟರೆ ಸೀಡ್ ಆಯಿತು ಅಂತ ಅಲ್ಲ. ಸರ್ಕಾರದ ಹಣ ನೇರ ಖಾತೆಗೆ ಬರುವುದಕ್ಕೆ ಡಿಬಿಟಿ ಅಂತಾರೆ. ಡಿಬಿಟಿಗೆ ಆಧಾರ್ ಸೀಡಿಂಗ್ ಮಾಡಿ ಅಂತಲೇ ಕೇಳಿ, ಅದರ ಫಾರಂಗೆ ಸಹಿ ಹಾಕಿ. ನನ್ನ ಒಬ್ಬ ವಿದ್ಯಾರ್ಥಿನಿ ಒಂದು ವರ್ಷ ಕಾದಳು. ಹಣ ಅವಳು ಐದನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ಮನೆಯ ಊರಿನಲ್ಲಿ ತೆರೆದ ಖಾತೆಗೆ ಹೋಗಿ ಕೂತಿತ್ತು. ಪಾಸ್‌ಬುಕ್ ಅಜ್ಜಿಯ ಸೀರೆ ಪೆಟ್ಟಿಗೆಯಲ್ಲಿ. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಹಣ ಬಂತೋ ಇಲ್ಲವೋ ನೋಡಲು ಡಿಬಿಟಿ ಕರ್ನಾಟಕ ಅನ್ನುವ ಆ್ಯಪ್ ಇದೆ. ಬ್ಯಾಂಕ್ ದೂರ ಅನ್ನುವವರಿಗೆ ಅಂಚೆಯವರ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಇದೆ. ಪೋಸ್ಟ್‌ಮ್ಯಾನ್ ಮನೆಗೇ ಬಂದು ಖಾತೆ ತೆರೆದು ಕೊಡುತ್ತಾರೆ.

ನಿಮ್ಮಲ್ಲಿ ಎಷ್ಟು ಜನ ಬೀಡಿ ಕಟ್ಟುತ್ತೀರಿ? ಕೈ ಎತ್ತಿ. (ಅರ್ಧಕ್ಕಿಂತ ಜಾಸ್ತಿ ಕೈ ಎದ್ದವು.) ಗದ್ದೆ ಕೆಲಸ ಇಲ್ಲದ ದಿನ ಬೀಡಿ, ಇದ್ದ ದಿನ ರಾತ್ರಿ ಬೀಡಿ. ಹಾಗಾದರೆ ನಿಮಗೆ ಇನ್ನೊಂದು ಬಾಗಿಲೂ ಇದೆ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಇದೆ. ಒಂದನೇ ಕ್ಲಾಸಿನ ಮಗುವಿಗೆ ವರ್ಷಕ್ಕೆ 1,000 ರೂಪಾಯಿಯಿಂದ ಶುರುವಾಗಿ ವೃತ್ತಿ ಶಿಕ್ಷಣಕ್ಕೆ 25,000ದವರೆಗೆ ಹೋಗುತ್ತದೆ. ಕಡಿಮೆ ಅಂದರೆ ಆರು ತಿಂಗಳು ಬೀಡಿ ಕೆಲಸ ಮಾಡಿರಬೇಕು, ಆದಾಯಕ್ಕೆ ಮಿತಿ ಇದೆ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಬೀಡಿ ಬ್ರಾಂಚಿನಲ್ಲಿ ಕೊಟ್ಟ ಗುರುತಿನ ಚೀಟಿ, ಪಿಎಫ್ ಕಾಗದ ಬಿಸಾಡಬೇಡಿ. ಮಗಳು ನರ್ಸಿಂಗ್, ಎಂಜಿನಿಯರಿಂಗ್ ಕಡೆ ಹೋಗುವವಳಾದರೆ ಇದನ್ನು ಮೊದಲು ವಿಚಾರಿಸಿ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ಊಟ, ವಸತಿಯ ಖರ್ಚಿಗೆ ವಿದ್ಯಾಸಿರಿ ಅನ್ನುವ ನೆರವು ಇದೆ.

ಬಡಗಿನ ಕಡೆಯಿಂದ, ಕೊಪ್ಪಳ, ಗದಗ, ಬಾಗಲಕೋಟೆಯಿಂದ ಬಂದು ಇಲ್ಲಿ ದುಡಿಯುವ ಮನೆಯವರೂ ಹಿಂದೆ ಕೂತಿದ್ದೀರಿ. ನಿಮ್ಮ ರೇಷನ್ ಕಾರ್ಡ್ ಊರಿನಲ್ಲಿದೆ. ಹಾಗಾಗಿ ಸರ್ಟಿಫಿಕೇಟ್ ಕೂಡ ನಿಮ್ಮ ಊರಿನ ನಾಡಕಚೇರಿಯಿಂದಲೇ ಮಾಡಿಸಿ. ಈ ಬೇಸಗೆಯಲ್ಲಿ ಜಾತ್ರೆಗೆ ಹೋದಾಗ ಮುಗಿಸಿಕೊಂಡು ಬನ್ನಿ. ಮಗುವಿನ ಎಸ್‌ಎಟಿಎಸ್ ನಂಬರ್ ಎಲ್ಲಿಗೆ ಹೋದರೂ ಅದೇ ಇರುತ್ತದೆ. ಶಾಲೆ ಬದಲಾಯಿತು ಅಂತ ಹೆದರಬೇಡಿ.

ಸರ್ಕಾರದ್ದಲ್ಲದೆ ಊರಿನವರ ನೆರವೂ ಇದೆ. ಉಡುಪಿಯ ಯಕ್ಷಗಾನ ಕಲಾರಂಗದವರ ವಿದ್ಯಾಪೋಷಕ್ ನಿಮಗೆ ಗೊತ್ತಿರಬಹುದು. ಅವರು ಮಕ್ಕಳ ಮನೆಗೇ ಹೋಗಿ ನೋಡಿ ನೆರವು ಕೊಡುತ್ತಾರೆ. ಎಷ್ಟೋ ಮಕ್ಕಳಿಗೆ ಮನೆ ಕಟ್ಟಿಸಿಯೂ ಕೊಟ್ಟಿದ್ದಾರೆ. ಟ್ರಸ್ಟ್‌ಗಳಿಗೆ ಅರ್ಜಿ ಹಾಕುವಾಗ ಹೆಚ್ಚಿನ ಕಡೆ ನಿಮ್ಮ ಕುಟುಂಬದ ಬಗ್ಗೆ ಬರೆಯಿರಿ ಅಂತಾರೆ. ಇಲ್ಲಿ ನಮ್ಮ ಮಕ್ಕಳು ಬಹಳ ಎಡವುತ್ತಾರೆ. ಒಬ್ಬ ಹುಡುಗ ಬರೆದು ತಂದಿದ್ದ: "ನಾವು ತುಂಬಾ ಬಡವರು. ದಯವಿಟ್ಟು ಸಹಾಯ ಮಾಡಿ. ನಿಮ್ಮ ಉಪಕಾರ ಜನ್ಮದಲ್ಲಿ ಮರೆಯುವುದಿಲ್ಲ." ನಾನು ಅದನ್ನು ವಾಪಸ್ ಕೊಟ್ಟೆ. ನಿನ್ನ ಅಪ್ಪ ನಿನ್ನೆ ಏನು ಮಾಡಿದರು, ಅದನ್ನು ಬರೆ ಅಂದೆ. ಮರುದಿನ ತಂದದ್ದು ಹೀಗಿತ್ತು: "ಅಪ್ಪ ಅಡಿಕೆ ಮರ ಹತ್ತಿ ಮದ್ದು ಬಿಡುತ್ತಾರೆ. ಮಳೆ ನಿಂತ ಗಳಿಗೆ ನೋಡಿ ಹತ್ತಬೇಕು. ಮಳೆ ಬಿಡದ ವಾರ ಕೂಲಿ ಇಲ್ಲ. ಮರದ ಮೇಲೆ ಇದ್ದಷ್ಟು ಹೊತ್ತು ಅಮ್ಮ ಮಾತಾಡುವುದಿಲ್ಲ. ನನಗೆ ಡಿಪ್ಲೊಮಾ ಮೆಕ್ಯಾನಿಕಲ್ ಓದಬೇಕು. ಮರ ಹತ್ತದೆ ಕೆಳಗಿನಿಂದಲೇ ಮದ್ದು ಬಿಡುವ ಮೆಷಿನ್ ಬಂದಿದೆ. ಅದನ್ನು ರಿಪೇರಿ ಮಾಡಲು ನಮ್ಮೂರಲ್ಲಿ ಯಾರಿಗೂ ಬರುವುದಿಲ್ಲ."

ಅದರಲ್ಲಿ ಬಡವ ಅನ್ನುವ ಶಬ್ದವೇ ಇರಲಿಲ್ಲ. ಓದಿದವರಿಗೆ ಎಲ್ಲವೂ ತಿಳಿಯಿತು. ಆ ನೆರವು ಅವನಿಗೆ ಸಿಕ್ಕಿತು.

ಬೇಡುವ ಧಾಟಿಯಲ್ಲಿ ಬರೆಯಬೇಡಿ ಅಂತ ನಾನು ಹೇಳುವುದಕ್ಕೆ ಒಂದು ಕಾರಣ ಇದೆ. ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಅವರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ತಮ್ಮ ಜಾತಿಯವರ ಬಹಿಷ್ಕಾರ ಎದುರಿಸಿ ನಡೆಸಿದರು. ಆ ಮಕ್ಕಳಿಗೆ ಉಪಕಾರ ಮಾಡುತ್ತಿದ್ದೇನೆ ಅನ್ನುವ ಭಾವ ಅವರಿಗೆ ಇರಲಿಲ್ಲ, ಸಲ್ಲಬೇಕಾದ್ದನ್ನು ಸಲ್ಲಿಸುತ್ತಿದ್ದೇನೆ ಅಂತಲೇ ತಿಳಿದಿದ್ದರು ಅಂತ ನಾನು ನಂಬಿದ್ದೇನೆ. ನಾವು ಉಣ್ಣುವ ಕುಚ್ಚಲಕ್ಕಿಯ ಹಿಂದೆ ಕೆಸರಿನಲ್ಲಿ ನಿಂತ ಕಾಲುಗಳಿವೆ. ಆ ಕಾಲಿನವರ ಮಕ್ಕಳಿಗೆ ಹೋಗುವ ಹಣ ದಾನ ಅಲ್ಲ.

ನಾನು ಈ ಕೆಲಸ ಕೇಳಿ ತಗೊಂಡದ್ದು ಯಾಕೆ ಅಂತ ಹೇಳುತ್ತೇನೆ ಅಂದಿದ್ದೆ. ನಾನು ಪಿಯುಸಿ ಓದುವಾಗ ವಿದ್ಯಾರ್ಥಿವೇತನಕ್ಕೆ ಅರ್ಜಿ ಕೊಟ್ಟಿದ್ದೆ. ಆದಾಯ ಸರ್ಟಿಫಿಕೇಟ್ ಬರುವುದು ತಡವಾಯಿತು. ನಾನು ಅದನ್ನು ತಂದು ಕೊಟ್ಟ ದಿನ, ಪಟ್ಟಿ ಕಳಿಸಿ ಎರಡು ದಿನ ಆಯಿತು ಅಂದರು. ತಡವಾಗುತ್ತದೆ, ಬೇಗ ತಾ ಅಂತ ನನಗೆ ಯಾರೂ ಹೇಳಿರಲಿಲ್ಲ. ಅಮ್ಮ ಗದ್ದೆಯ ಯಜಮಾನರ ಹತ್ತಿರ ಮುಂಗಡ ತಂದು ಫೀಸು ಕಟ್ಟಿದರು. ಮರು ಮಳೆಗಾಲದ ನಾಟಿ ಪೂರ್ತಿ ಆ ಸಾಲಕ್ಕೆ ಹೋಯಿತು. ಜಡಿಮಳೆಯಲ್ಲಿ ಅಮ್ಮ ತಲೆಗೆ ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆ, ಬೆನ್ನಿಗೆ ಪ್ಲಾಸ್ಟಿಕ್ ಹೊದ್ದು ನೇಜಿ ನೆಡುತ್ತಿದ್ದರು. ನಾನು ಅದೇ ಗದ್ದೆಯ ಬದುವಿನ ಮೇಲೆ ಕಾಲೇಜಿಗೆ ನಡೆದು ಹೋಗುತ್ತಿದ್ದೆ. ಅವರು ತಲೆ ಎತ್ತಿ ನೋಡುತ್ತಿರಲಿಲ್ಲ. ಎತ್ತಿದರೆ ಸಾಲು ತಪ್ಪುತ್ತದೆ ಅಂತ ಹೇಳುತ್ತಿದ್ದರು. ಆ ಎರಡು ದಿನದ ತಡವನ್ನು ನನಗೆ ಇವತ್ತಿಗೂ ಮರೆಯಲು ಆಗಿಲ್ಲ.

ಅಮ್ಮಂದಿರೇ ಓದಬೇಕು ಅಂದರೂ ದಾರಿ ಇದೆ. ಎಸ್ಸೆಸ್ಸೆಲ್ಸಿ, ಪಿಯುಸಿಯನ್ನು ಖಾಸಗಿಯಾಗಿ ಕಟ್ಟಬಹುದು. ಆಮೇಲೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕೇಂದ್ರ ಮಂಗಳೂರಿನಲ್ಲೂ ಇದೆ, ಉಡುಪಿಯಲ್ಲೂ ಇದೆ. ಅದರ ಬಗ್ಗೆ ಬೇರೆ ಒಂದು ದಿನ ಕೂತು ಮಾತಾಡೋಣ. ಇಲ್ಲಿ ಮೂವರು ನನ್ನ ಹತ್ತಿರ ಆಗಲೇ ಕೇಳಿದ್ದಾರೆ.

ಮಾತು ಮುಗಿದ ಮೇಲೆ ಜನ ಕಾಗದಗಳ ಕವರ್ ಹಿಡಿದು ಮೇಜಿನ ಸುತ್ತ ಸೇರಿದರು. ಹೆಚ್ಚಿನವು ಬಟ್ಟೆ ಅಂಗಡಿಯ ಕವರ್‌ಗಳು, ಬಾಯಿಗೆ ರಬ್ಬರ್ ಬ್ಯಾಂಡ್. ಬರುವ ಭಾನುವಾರ ಬೆಳಗ್ಗೆ 9.30ಕ್ಕೆ ಇದೇ ಜಗಲಿಗೆ ಬನ್ನಿ, ನಾನು ಮತ್ತು ನನ್ನ ಹಳೇ ವಿದ್ಯಾರ್ಥಿಗಳು ಲ್ಯಾಪ್‌ಟಾಪ್ ಹಿಡಿದು ಕೂತಿರುತ್ತೇವೆ ಅಂದೆ. ಆಧಾರ್, ರೇಷನ್ ಕಾರ್ಡ್, ಮಗುವಿನ ಅಂಕಪಟ್ಟಿ, ಓಟಿಪಿ ಬರುವ ಫೋನ್, ಇಷ್ಟು ಇದ್ದರೆ ಸಾಕು.

ಎಲ್ಲರೂ ಹೋದ ಮೇಲೆ ಒಬ್ಬರು ಅಜ್ಜಿ ಉಳಿದರು. ಮೊಮ್ಮಗಳು ಪಕ್ಕದಲ್ಲಿ. ಹುಡುಗಿಗೆ ಅಪ್ಪ ಇಲ್ಲ, ಅಮ್ಮ ಗದ್ದೆ ಕೆಲಸಕ್ಕೆ ಹೋಗುವವರು, ಅವತ್ತೂ ಕೆಲಸ ಇತ್ತು, ಬಂದಿರಲಿಲ್ಲ. "ಟೀಚರ್, ವಿಎ ಬಂದಾಗ ಹೇಳಬೇಕಾದ್ದು ಏನಂದಿರಿ? ಇನ್ನೊಮ್ಮೆ ಹೇಳಿ" ಅಂತ ಅಜ್ಜಿ ಕೇಳಿದರು. ಕೃಷಿ ಕಾರ್ಮಿಕೆ ಅಂದೆ. ಅವರು ಎರಡು ಸಲ ಬಾಯಲ್ಲಿ ಹೇಳಿ ನೋಡಿದರು. ಆಮೇಲೆ ಮೊಮ್ಮಗಳ ಕೈಗೆ ಒಂದು ಕ್ಯಾಲೆಂಡರ್ ಹಾಳೆ ಕೊಟ್ಟರು. ಹುಡುಗಿ ಅದರ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದಳು. ಅಜ್ಜಿ ಅದನ್ನು ನಾಲ್ಕು ಮಡಿಕೆ ಮಾಡಿ ಕವರಿನಲ್ಲಿ ಮಗಳ ಆಧಾರ್ ಪಕ್ಕ ಇಟ್ಟುಕೊಂಡರು.